ಅಪ್‌ಡೇಟ್: ನಮ್ಮ ರಾಜನ ಮುರಿದ ಹಲ್ಲು

ಮೂಳೆ ಕಡಿಯುವಾಗ ನಮ್ಮ ನಾಯಿ ರಾಜನ ಹಲ್ಲು ಮುರಿದಿದೆ, ಊಟ ಮಾಡುತ್ತಿರುವುದರಿಂದ ಹಾಗೆಯೇ ಬಿಡಬಹುದೇ ಎಂದು ಕಳೆದ ತಿಂಗಳು ನಿಮ್ಮನ್ನು ಕೇಳಿದ್ದೆ. ಬಿಡಬಾರದಾಗಿತ್ತು. ಧಾರವಾಡದ ಪಶುವೈದ್ಯರೊಬ್ಬರು ತುಟಿ ಎತ್ತಿ ತೋರಿಸಿದಾಗ, ಮೇಲ್ದವಡೆಯ ದೊಡ್ಡ ಹಲ್ಲಿನ ಹೊರಮೈ ಚಕ್ಕೆಯಾಗಿ ಸೀಳಿಹೋಗಿ, ನಡುವೆ ಕಪ್ಪು ಚುಕ್ಕೆಯೊಂದು ಕಾಣುತ್ತಿತ್ತು. ಅದು ಒಳಗಿನ ನರ ಸತ್ತಿರುವ ಗುರುತೆಂದೂ, ಅಲ್ಲಿಂದ ಸೋಂಕು ಬೇರಿಗಿಳಿದು ಕಣ್ಣಿನ ಕೆಳಗೆ ಬಾವು ಬರಬಹುದೆಂದೂ ವಿವರಿಸಿದರು. ನೋವಿದ್ದರೂ ನಾಯಿಗಳು ಸಾಮಾನ್ಯವಾಗಿ ಊಟ ಬಿಡುವುದಿಲ್ಲವಂತೆ. ಅವನು ಒಂದೇ ಬದಿಯಿಂದ ಅಗಿಯುತ್ತಿದ್ದುದನ್ನು ಕಂಡೂ ನಾನು ಅರ್ಥ ಮಾಡಿಕೊಳ್ಳದೆ ಹೋದೆನಲ್ಲ ಎಂಬ ಸಂಕಟ ಇನ್ನೂ ಇದೆ.

ಅರಿವಳಿಕೆ ಕೊಟ್ಟು, ಎಕ್ಸ್‌ರೇ ತೆಗೆದು, ಮೂರು ಬೇರುಗಳ ಆ ಹಲ್ಲನ್ನು ಭಾಗ ಮಾಡಿ ಕಿತ್ತರು. ಎರಡು ವಾರ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ, ಮೆತ್ತನೆಯ ಅನ್ನ ಕೊಟ್ಟೆವು. ಮನೆಗೆ ಮೂಳೆ ತರುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ನಿನ್ನೆ ಅವನು ಎರಡೂ ಬದಿಯಿಂದ ಅಗಿದು ತಿಂದ.