ಘಟ್ಟದ ಬುಡದ ಮಣ್ಣುದಾರಿಗೆ 38ರ ಟಯರ್, 40-34 ಗೇರ್ ಸಾಕಾ? ಓಡಿಸಿದವರು ಹೇಳಿ

ಹೊಸ ಸವಾರ, ಹುಬ್ಬಳ್ಳಿ
ನವೆಂಬರ್ ಕೊನೆಗೆ ಕುಮಟಾದಲ್ಲಿ ಉಳ್ಕೊಂಡು ಎರಡು ದಿನ ಗ್ರಾವೆಲ್ ಸೈಕಲ್ ಓಡಿಸೋ ವಿಚಾರ ಇದೆ. ಘಟ್ಟ ಪೂರ್ತಿ ಹತ್ತೋದಿಲ್ಲ, ಬುಡದಲ್ಲೇ ತಿರುಗಾಟ. ಟಯರ್ 700×38, ಅಂದ್ರೆ 38 ಮಿಮೀ ಅಗಲ, ಒಳಗೆ ಟ್ಯೂಬ್. ಮುಂದೆ 40 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 34 ಹಲ್ಲಿನವು. ನಾನು 75 ಕೆಜಿ, ಸೈಕಲ್ಲು ಚೀಲ ಸೇರಿ 14. ಯಾವ ದಾರಿ ಹಿಡೀಲಿ, ಈ ಗೇರ್ ಸಾಕಾ?

ಕೆಂಪುಧೂಳು, ಶಿರಸಿ
38 ಮೊದಲು ಬಿಚ್ಚಿ ಇಡಿ. ಮಳೆಗಾಲ ಮುಗಿಯೋ ಹೊತ್ತಿಗೆ ಚಿರೇಕಲ್ಲಿನ ದಾರಿಯ ನುಣ್ಣನೆ ಮಣ್ಣೆಲ್ಲ ತೊಳೆದುಹೋಗಿ ಬಟಾಣಿ ಗಾತ್ರದ ಹರಳು ಉಳೀತದೆ. ಕೆಳಗೆ ಕಲ್ಲಿನಂಥ ನೆಲ, ಮೇಲೆ ಬೇರಿಂಗ್ ಗುಂಡು ಚೆಲ್ಲಿದ ಹಾಗೆ. ಅಲ್ಲಿ ಅಗಲ ಟಯರು, ಕಡಿಮೆ ಗಾಳಿ ಬೇಕೇ ಬೇಕು. ನಂದು 45ರ ಟ್ಯೂಬ್‌ಲೆಸ್, ಗಾಳಿ ಮುಂದೆ 28, ಹಿಂದೆ 31 ಪಿಎಸ್‌ಐ. ಖರ್ಚೂ ಬರೀತೆ: ಟಯರ್ ಜೋಡಿ 7,800, ರಿಮ್ ಟೇಪ್ 650, ವಾಲ್ವ್ 900, ತೂತು ತಾನೇ ಮುಚ್ಚೋ ದ್ರವ ಸೀಲಂಟ್ 1,200. ಒಟ್ಟು 10,550. ಟೇಪ್ ಅಂಟಿಸೋ ಮುಂಚೆ ರಿಮ್ ಸ್ಪಿರಿಟ್ ಹಾಕಿ ಒರೆಸದೇ ಇದ್ದಿದ್ದಕ್ಕೆ ವಾಲ್ವಿನ ಪಕ್ಕ ಟೇಪ್ ಎದ್ದು, ಸೀಲಂಟ್ ಪೂರ್ತಿ ಸ್ಪೋಕಿನ ತೂತಿಂದ ಇಳಿದು ಹೋತು. ಮತ್ತೆ 1,200. ಟೇಪಿನ ಅಗಲ ರಿಮ್ಮಿನ ಒಳ ಅಗಲಕ್ಕಿಂತ 2-3 ಮಿಮೀ ಜಾಸ್ತಿ ಇರಲಿ. ಒಂದೊಂದು ಟಯರಿಗೆ 80 ಮಿಲಿ ಸೀಲಂಟ್ ಹಾಕಿ, 50ಕ್ಕೆ ಜಿಪುಣತನ ಮಾಡಬೇಡಿ.

ಟ್ಯೂಬೇ ಸಾಕು, ಅಂಕೋಲಾ
ಶುರುವಾಯ್ತು ಟ್ಯೂಬ್‌ಲೆಸ್ ಪುರಾಣ. ಅಚವೆ ದಾಟಿದ ಮೇಲೆ ಟಯರಿನ ಅಂಚು ರಿಮ್ ಬಿಟ್ಟು ಇಳಿದ್ರೆ ಕೈಪಂಪಲ್ಲಿ ಕೂರಿಸ್ತೀರೇನು? ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮೂತಿ ಪ್ರೆಸ್ಟಾ ಅನ್ನೋ ಸಪೂರ ವಾಲ್ವಿಗೆ ಕೂರೋದಿಲ್ಲ, ಅಡಾಪ್ಟರ್ ಬೇಕು. ಅದು ಯಾವತ್ತೂ ಮನೆಯಲ್ಲೇ ಉಳ್ದಿರ್ತದೆ. ನಮ್ಮ ಸೆಕೆಗೆ ಸೀಲಂಟ್ ಎರಡು-ಮೂರು ತಿಂಗಳಲ್ಲಿ ಒಣಗಿ ರಬ್ಬರ್ ಸಿಪ್ಪೆ. ವರ್ಷಕ್ಕೆ ನಾಲ್ಕು ಸಲ ತುಂಬೋ ದುಡ್ಡಿಗೆ ಎಷ್ಟು ಟ್ಯೂಬ್ ಬರ್ತದೆ, ಲೆಕ್ಕ ಹಾಕಿ. ನಾನು 38ರಲ್ಲೇ ಟ್ಯೂಬ್ ಹಾಕಿ ವಡ್ಡಿ ಘಟ್ಟದ ಬುಡದವರೆಗೆ ಓಡಿಸೋದು, ಗಾಳಿ ಮುಂದೆ 42, ಹಿಂದೆ 46 ಪಿಎಸ್‌ಐ. ಅದಕ್ಕಿಂತ ಇಳಿಸಿದ್ರೆ ಖಡೀಕರಣ ಆದ ಕಡೆ ಕಲ್ಲಿನ ಮೂಲೆ ಟ್ಯೂಬನ್ನ ರಿಮ್ಮಿಗೆ ಜಜ್ಜಿ ಅಕ್ಕಪಕ್ಕ ಎರಡು ತೂತು ಮಾಡ್ತದೆ. ಎರಡಕ್ಕೂ ಬೇರೆ ಬೇರೆ ಪ್ಯಾಚ್ ಬೇಕು. ಒಂದನ್ನೇ ಹುಡುಕಿ ಮುಚ್ಚಿ ಗಾಳಿ ತುಂಬೋರೇ ಜಾಸ್ತಿ.

ಕೆಂಪುಧೂಳು, ಶಿರಸಿ
ಬಿದಿರು ಮುಳ್ಳಿಗೆ ಎಷ್ಟು ಸಲ ಇಳಿದು ಚಕ್ರ ಬಿಚ್ಚಿದ್ರಿ, ಅದನ್ನೂ ಬರೀರಿ ಭಾವ.

ಟ್ಯೂಬೇ ಸಾಕು, ಅಂಕೋಲಾ
ನಾಲ್ಕು ಸಲ. ಪ್ಯಾಚಿಗೆ ಹತ್ತು ಹತ್ತು ರೂಪಾಯಿ. ನಿಮ್ಮ 11,750ಕ್ಕೆ ಎಷ್ಟು ಪ್ಯಾಚು ಬರ್ತದೆ ನೀವೇ ಹೇಳಿ.

ಗಜನಿ ಕಡೆಯವ, ಕುಮಟಾ
ಮಿರ್ಜಾನ್, ಮಾಣಿಕಟ್ಟಾ ಕಡೆ ಗಜನಿ ಕಟ್ಟೆ ಮೇಲೆ ಓಡಿಸೋದನ್ನ ಯಾರೂ ಹೇಳ್ಲೇ ಇಲ್ಲ. ಕಗ್ಗ ಭತ್ತದ ಗದ್ದೆಗೆ ಉಪ್ಪುನೀರು ತಡೆಯೋ ಕಟ್ಟೆ, ಏರಿಳಿತ ಇಲ್ಲ. ಆದ್ರೆ ಏಡಿ ಬಿಲ ನೋಡ್ಕೊಳ್ಳಿ. ಮೇಲಿಂದ ಗಟ್ಟಿ ಕಾಣ್ತದೆ, ಒಳಗೆ ಟೊಳ್ಳು, ಮುಂದಿನ ಚಕ್ರ ಅಚ್ಚಿನವರೆಗೆ ಇಳೀತದೆ. ತೂಬಿನ ಹಲಗೆ ಮೇಲೆ ಹಾವಸೆ ಕಟ್ಟಿರ್ತದೆ, ಅಲ್ಲಿ ಸೈಕಲ್ ಹೊತ್ತೇ ದಾಟಬೇಕು. ಅಮಾವಾಸ್ಯೆ, ಹುಣ್ಣಿಮೆ ಉಬ್ಬರದ ಹೊತ್ತಿಗೆ ಕೆಲವು ಕಡೆ ಕಟ್ಟೆ ಮೇಲೇ ನೀರು.

ಖರ್ಚು ನಿಜವಾಗಿ ಬರೋದು ಉಪ್ಪಿಂದ. ಸ್ಪೋಕನ್ನ ರಿಮ್ಮಿಗೆ ಬಿಗಿಯೋ ನಿಪ್ಪಲ್ ಅಲ್ಯುಮಿನಿಯಂದು ಇದ್ರೆ ಸ್ಟೀಲ್ ಸ್ಪೋಕಿಗೆ ತಾಗಿದ ಕಡೆ ಬಿಳಿ ಪುಡಿ ಬಂದು ಒಳಗೇ ತಿಂದ್ಹೋಗ್ತದೆ. ಚಕ್ರ ನೇರ ಮಾಡ್ಲಿಕ್ಕೆ ಕೀ ಹಾಕಿದ್ರೆ ನಿಪ್ಪಲ್ ತಲೆಯೇ ಕಿತ್ತು ಬಂತು, ಒಂದಲ್ಲ, ಒಂಬತ್ತು. 64 ಹಿತ್ತಾಳೆ ನಿಪ್ಪಲ್ 960, ಎರಡು ಚಕ್ರ ಮತ್ತೆ ಕಟ್ಟಿದ ಕೂಲಿ 1,600. ಕಟ್ಟೆಯಿಂದ ಬಂದ ದಿವಸವೇ ಸಿಹಿನೀರು ಹೊಯ್ಯಿರಿ, ಬಕೆಟ್ಟಲ್ಲಿ. ಪ್ರೆಶರ್ ಪೈಪ್ ಹಿಡಿದ್ರೆ ನೀರು ಹಬ್ಬಿನ ಸೀಲ್ ದಾಟಿ ಗ್ರೀಸ್ ಹೊರಗೆ ಹಾಕ್ತದೆ.

ಕಾಳಿ ದಂಡೆ, ಕಾರವಾರ
ಘಟ್ಟದ ಬುಡ ಕೇಳಿದ್ರೆ ಸಮುದ್ರದ ಬುಡ ಹೇಳ್ತೀರಲ್ಲ ಮಾರಾಯ್ರೆ. ಬ್ರೇಕ್ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ನವೆಂಬರಲ್ಲೂ ಹಳ್ಳದಲ್ಲಿ ನೀರಿರ್ತದೆ. ಹಳ್ಳ ದಾಟಿ ಕೆಂಪು ಮಣ್ಣಿಗೆ ಹತ್ತಿದ ಕೂಡಲೆ ಆ ರಾಡಿ ಡಿಸ್ಕಿಗೆ ಮರಳುಕಾಗದ. ರೆಸಿನ್ ಪ್ಯಾಡ್ ಮೆತ್ತಗೆ ಹಿಡೀತದೆ, ಆದ್ರೆ ರಾಡಿಯಲ್ಲಿ ಬೇಗ ಸವೀತದೆ. ಲೋಹದ ಪುಡಿಯ ಸಿಂಟರ್ಡ್ ಪ್ಯಾಡ್ ಹಾಕಿ, ಕಿರುಚ್ಲಿ ಬಿಡಿ. ವಯರ್ ಎಳೆಯೋ ಡಿಸ್ಕ್ ಬ್ರೇಕಲ್ಲಿ ಎಷ್ಟೋ ಮಾಡೆಲಿಗೆ ಹೊರಗಿನ ಪ್ಯಾಡ್ ಮಾತ್ರ ಚಲಿಸೋದು. ಒಳಗಿನದ್ದನ್ನ ತಿರುಪು ಹಾಕಿ ನೀವೇ ಹತ್ತಿರ ತರಬೇಕು. ತರದೇ ಇದ್ರೆ ಡಿಸ್ಕ್ ಒಂದೇ ಕಡೆ ಬಾಗಿ ಲಿವರ್ ಹ್ಯಾಂಡಲಿಗೆ ತಾಗ್ತದೆ. ಪ್ಯಾಡ್ 450, ಡಿಸ್ಕ್ 1,100 ದಂಡ ಕಟ್ಟಿ ಕಲಿತ ಪಾಠ.

ಮತ್ತೊಂದು, ಕದ್ರಾ ದಾಟಿ ಅಣಶಿ ಕಡೆ ಮಣ್ಣುದಾರಿ ಕಂಡ್ರೂ ಒಳಗೆ ಹೋಗಬೇಡಿ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಡಾಂಬರು ಬಿಡಬೇಡಿ.

ಬೆಟ್ಟದ ಯಜಮಾನ, ಶಿರಸಿ
ನೀವು ಗ್ರಾವೆಲ್ ಗ್ರಾವೆಲ್ ಅಂತ ಹಾಡಿ ಹೊಗಳೋ ಅರ್ಧ ದಾರಿ ತೋಟಕ್ಕೆ ಸೊಪ್ಪು ತರೋ ನಮ್ಮ ಸೊಪ್ಪಿನ ಬೆಟ್ಟದೊಳಗಿದ್ದು. ಬೇಲಿಬಾಗಿಲು ದಣಪೆಯ ಗಳ ಸರಿಸಿ ಸೈಕಲ್ ದಾಟಿಸ್ತೀರಿ, ಹಾಗೇ ಬಿಟ್ಟು ಹೋಗ್ತೀರಿ. ಹೋದ ವರ್ಷ ಅದೇ ದಾರಿಯಲ್ಲಿ ದನ ಇಳಿದು 22 ಅಡಿಕೆ ಸಸಿ ಸುಳಿ ಸಮೇತ ತಿಂದ್ವು. ಸಸಿಗೆ ನರ್ಸರಿ ರೇಟು ಹಿಡಿದ್ರೆ ಆಗ್ತಿಲ್ಲೆ, ಮೂರು ವರ್ಷದ ಗೊಬ್ಬರ, ನೆರಳು, ಆಳಿನ ಕೂಲಿ ಎಲ್ಲ ಲೆಕ್ಕಕ್ಕೆ ಹಾಕಿ.

ಕೆಂಪುಧೂಳು, ಶಿರಸಿ
ಎಲ್ಲ ಸೈಕಲ್ಲಿನವರ ತಲೆಗೆ ಕಟ್ಟಬೇಡಿ. ಬೈಕಿನವರೂ ಬರ್ತ.

ಬೆಟ್ಟದ ಯಜಮಾನ, ಶಿರಸಿ
ಬೈಕಿನ ಟಯರಿನ ಗುರುತು ನಂಗೆ ಗೊತ್ತಾಗ್ತು ಮಾಣಿ. ಅದು ಬೈಕಿಂದಲ್ಲ.

ಹೊಸ ಸವಾರ, ಹುಬ್ಬಳ್ಳಿ
ಗೇರ್ ವಿಚಾರ ಯಾರಾದ್ರೂ ಹೇಳ್ರಿ.

ಟ್ಯೂಬೇ ಸಾಕು, ಅಂಕೋಲಾ
ಗೇರ್ ಆಮೇಲೆ, ಮೊದಲು ಚೈನಿಗೆ ಎಣ್ಣೆ ಹಾಕಬೇಡಿ. ಕೆಂಪು ಧೂಳು ಕೂತು ಒಂದೇ ದಿನದಲ್ಲಿ ಅರೆಯೋ ಕಲ್ಲಾಗ್ತದೆ. ಮೇಣ ಹಾಕಿ.

ಗಜನಿ ಕಡೆಯವ, ಕುಮಟಾ
ಮೇಣ ಹಾಕಿ ಕಡಲ ಗಾಳಿಗೆ ಒಂದು ರಾತ್ರಿ ಹೊರಗೆ ನಿಲ್ಲಿಸಿ ನೋಡಿ. ಬೆಳಿಗ್ಗೆ ಚೈನ್ ಅರಿಶಿನ ಬಣ್ಣ.

ಲೆಕ್ಕದವ, ಹೊನ್ನಾವರ
ತಮ್ಮಾ, ನಿನ್ನ 40-34ರಲ್ಲಿ ಪೆಡಲ್ ಒಂದು ಸುತ್ತಿಗೆ ಸೈಕಲ್ 2.58 ಮೀಟರ್ ಹೋಗ್ತದೆ. ನಿಮಿಷಕ್ಕೆ 60 ಸುತ್ತು ಹಿಡಿದ್ರೆ ಗಂಟೆಗೆ 9.3 ಕಿಮೀ. ಬುಡದಲ್ಲೇ ತಿರುಗಿದ್ರೂ ಹಳ್ಳದಿಂದ ಮೇಲೆ ಬರೋ ಕಡೆ 10 ಪರ್ಸೆಂಟ್ ಏರು ಸಿಕ್ಕೇ ಸಿಗ್ತದೆ. ಒಟ್ಟು 89 ಕೆಜಿ ಹೊತ್ತು ಹರಳಿನ ಮೇಲೆ ಆ ವೇಗಕ್ಕೆ 250 ವ್ಯಾಟ್ ದಾಟ್ತದೆ. ಅಷ್ಟು ಕಾಲಿಲ್ಲದೇ ಇದ್ರೆ ಸೀಟಿಂದ ಎದ್ದು ತುಳೀತೀಯ, ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ನಿಂತಲ್ಲೇ ತಿರುಗ್ತದೆ. ಕ್ಯಾಸೆಟ್, ಅಂದ್ರೆ ಹಿಂದಿನ ಹಲ್ಲುಚಕ್ರದ ಗೊಂಚಲು, ಮುಟ್ಟಬೇಡ. 42 ಹಲ್ಲಿನದ್ದು ಹಾಕಿದ್ರೆ ಚೈನ್ ಸರಿಸೋ ಹಿಂದಿನ ಡಿರೈಲರಿನ ಮೇಲಿನ ಗಾಲಿ ದೊಡ್ಡ ಹಲ್ಲಿಗೆ ಉಜ್ಜೋದು ಹೆಚ್ಚು, ಆಮೇಲೆ ಅದನ್ನೂ ಬದಲಿಸು. ಮುಂದಿನ 40 ತೆಗೆದು 36 ಹಾಕು. ಅದರ ಬೋಲ್ಟುಗಳು ಕೂರೋ ವೃತ್ತದ ವ್ಯಾಸ 110 ಮಿಮೀ ಹೌದಾ ಅಂತ ಅಳೆದು ತಗೋ. ಚೈನಲ್ಲಿ ಒಂದು ಜೋಡಿ ಕೊಂಡಿ ತೆಗಿ. ಸುತ್ತಿಗೆ 2.32 ಮೀಟರ್ ಆಗಿ ಸುಮಾರು 25 ವ್ಯಾಟ್ ಉಳೀತದೆ.

ದಾರಿ: ದಿವಗಿ ದಾಟಿ ಕತಗಾಲ ಕಡೆ ಹೋಗಿ, ಊರೊಳಗಿನ ಮಣ್ಣುದಾರಿ ಹಿಡಿ. ದೇವಿಮನೆ ಘಟ್ಟದ ಮುಖ್ಯ ರಸ್ತೆ ಬೇಡ, ಟಿಪ್ಪರ್ ಕಾಟ. ಹಳ್ಳ ದಾಟೋ ಕಾಲುಸಂಕ ಸಿಕ್ಕಲ್ಲಿ ಇಳಿದು ನಡಿ. ಬೆಳಿಗ್ಗೆ ಇಬ್ಬನಿಗೆ ಅಡಿಕೆ ಮರದ ಸಂಕ ಜಾರ್ತದೆ.

ಬೆಟ್ಟದ ಯಜಮಾನ, ಶಿರಸಿ
ದಣಪೆ ಮುಚ್ಚೋದು ಹೇಳ್ಲೇ ಇಲ್ಲೆ ನೀವು. ಮೂರು ಗಳ ಇರ್ತು, ಕೆಳಗಿಂದು ಮೊದಲು ತೂರಿಸಬೇಕು. ಮೇಲಿಂದು ಒಂದೇ ತೂರಿಸಿ ಹೋದ್ರೆ ಕರು ಅಡಿಯಿಂದ ನುಗ್ತು.