ಮಗಳಿಗೆ ‘ಓಬವ್ವ’ ಎಂದು ಹೆಸರಿಡಬಹುದೇ? ಮೂಲ, ಅರ್ಥ, ಈಗಿನ ಬಳಕೆ ತಿಳಿಸಿ

ಬೆಣ್ಣೆನಗರಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮಗು ಹೆಣ್ಣು, ರೋಹಿಣಿ ನಕ್ಷತ್ರ, ಒಂದನೇ ಪಾದ. ಅಕ್ಷರ ‘ಓ’ ಬಂದಿದೆ. ಹೆಸರಿನ ಪಟ್ಟಿ ಯಾವುದನ್ನು ತೆರೆದರೂ ಓಜಸ್ವಿನಿ, ಓಂಕಾರಿಗೆ ಮುಗಿದುಹೋಗುತ್ತದೆ. ಯಜಮಾನರ ಊರು ಜಗಳೂರು ತಾಲ್ಲೂಕು. ಅತ್ತೆಯವರು ‘ಓಬವ್ವ’ ಅಂತ ಇಡೋಣ ಅಂದಿದ್ದಾರೆ, ನಮ್ಮಿಬ್ಬರಿಗೂ ಮನಸ್ಸಿದೆ.

ಇದರ ಅರ್ಥ ಏನು? ಒಂದು ಕಡೆ ‘ವೀರ ಮಹಿಳೆ’ ಅಂತಿದೆ, ಇನ್ನೊಂದು ಕಡೆ ದುರ್ಗೆಯ ಹೆಸರು ಅಂತಿದೆ. ಈಗ ಯಾರಾದರೂ ಈ ಹೆಸರು ಇಡುತ್ತಾರಾ? ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ. ಬರೆಸುವಾಗ ಏನೇನು ನೋಡಿಕೊಳ್ಳಬೇಕು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ರಂಗಯ್ಯನಬಾಗಿಲು (ಚಿತ್ರದುರ್ಗ)

ಮೇಡಂ, ಇದು ನರಸಿಂಹನ ಹೆಸರು. ಮೂಲ ಅಹೋಬಲ. ಆಂಧ್ರದ ನಂದ್ಯಾಲ ಜಿಲ್ಲೆಯ ನಲ್ಲಮಲ ಬೆಟ್ಟಸಾಲಿನಲ್ಲಿರುವ ಕ್ಷೇತ್ರ, ಅಲ್ಲಿ ನರಸಿಂಹನಿಗೆ ಒಂಬತ್ತು ಗುಡಿಗಳಿವೆ. ಹಿರಣ್ಯಕಶಿಪುವಿನ ಹೊಟ್ಟೆ ಬಗೆದ ದೇವರನ್ನು ಕಂಡು ದೇವತೆಗಳು ‘ಅಹೋ ಬಲಂ’ ಅಂದರು ಎಂಬುದು ಸ್ಥಳಪುರಾಣ. ಗುಹೆಯಲ್ಲಿ ನೆಲೆಸಿದ್ದರಿಂದ ‘ಅಹೋ ಬಿಲಂ’ ಎನ್ನುವವರೂ ಇದ್ದಾರೆ.

ಜನರ ಬಾಯಲ್ಲಿ ಅಹೋಬಲ ಸವೆದು ಓಬಳ ಆಯಿತು. ಮೊದಲಿನ ‘ಅ’ ಬಿತ್ತು, ಹಕಾರ ಕರಗಿ ‘ಓ’ ಉಳಿಯಿತು, ಕೊನೆಯ ‘ಲ’ ಹೋಗಿ ‘ಳ’ ಬಂತು. ಗಂಡುಮಕ್ಕಳಿಗೆ ಓಬಳಪ್ಪ, ಓಬಳೇಶ, ಓಬಯ್ಯ, ಓಬಣ್ಣ. ಹೆಣ್ಣುಮಕ್ಕಳಿಗೆ ಓಬಳವ್ವ, ಓಬಳಮ್ಮ, ಅದೇ ಇನ್ನಷ್ಟು ಸವೆದರೆ ಓಬವ್ವ, ಓಬಮ್ಮ. ತೆಲುಗಿನ ಓಬುಲೇಸು, ಓಬುಲಮ್ಮ ಇದೇ ಬಳಗ. ತಿರುಪತಿಯ ತಿಮ್ಮಪ್ಪನಿಂದ ತಿಮ್ಮಕ್ಕ, ತಿಮ್ಮವ್ವ ಬಂದಂತೆಯೇ ಇದೂ ದೇವರಿಗೆ ನಡೆದುಕೊಳ್ಳುವ ಮನೆಗಳಲ್ಲಿ ಹುಟ್ಟಿದ ಹೆಸರು.

ನಮ್ಮ ಸೀಮೆಗೆ ಇದು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಆಂಧ್ರದ ಗಡಿಗೆ ಅಂಟಿಕೊಂಡಿವೆ, ಕನ್ನಡ ತೆಲುಗು ಎರಡೂ ಆಡುವ ಮನೆಗಳು ಬೇಕಾದಷ್ಟಿವೆ. ಓಬಳಾಪುರ ಎಂಬ ಊರುಗಳು ಗಡಿಯ ಎರಡೂ ಕಡೆ ಸಿಗುತ್ತವೆ. ದುರ್ಗದ ಪಾಳೆಯಗಾರರಲ್ಲೇ ಓಬಣ್ಣ ನಾಯಕ ಇದ್ದಾನೆ. ನಾಯಕರ ಮನೆಯಲ್ಲೂ ಇತ್ತು, ಕೋಟೆ ಕಾಯುವವನ ಮನೆಯಲ್ಲೂ ಇತ್ತು. ಯಾವುದೋ ಒಂದು ಜಾತಿಯ ಹೆಸರು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

‘ವೀರ ಮಹಿಳೆ’ ಎಂಬ ಅರ್ಥ ಒನಕೆ ಓಬವ್ವನಿಂದ ಬಂದದ್ದು. ಕಹಳೆ ಊದುವ ಮುದ್ದಹನುಮನ ಹೆಂಡತಿ, ಛಲವಾದಿ ಮನೆತನದವಳು. ಕೊನೆಯ ಮದಕರಿ ನಾಯಕನ ಕಾಲ, ಅಂದರೆ 1754ರಿಂದ 1779. ಹೈದರಾಲಿಯ ಸೈನಿಕರು ಬಂಡೆಗಳ ನಡುವಿನ ಕಿಂಡಿಯಲ್ಲಿ ನುಸುಳುತ್ತಿದ್ದಾಗ, ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದವಳು ಕಂಡು, ಒನಕೆ ಹಿಡಿದು ನಿಂತಳು. ಆ ಕಿಂಡಿ ಈಗಲೂ ದುರ್ಗದ ಕೋಟೆಯಲ್ಲಿ, ತಣ್ಣೀರು ದೋಣಿ ಎಂಬ ನೀರಿನ ತಾಣದ ಹತ್ತಿರವೇ ಇದೆ. ಒಂದು ಸಲಕ್ಕೆ ಒಬ್ಬರೇ ಮೈ ಮುದುರಿಕೊಂಡು ತೂರಬೇಕು, ತಲೆ ಮೊದಲು ಹೊರಗೆ ಬರುತ್ತದೆ. ಒಬ್ಬಳೇ ಅಷ್ಟು ಜನರನ್ನು ಹೇಗೆ ತಡೆದಳು ಎಂದು ಕೇಳುವವರಿಗೆ ಆ ಜಾಗ ತೋರಿಸಿದರೆ ಸಾಕು. ಮಗಳು ದೊಡ್ಡವಳಾದ ಮೇಲೆ ಮೊದಲು ಕರೆದುಕೊಂಡು ಹೋಗಬೇಕಾದ ಜಾಗವೂ ಅದೇ.

ಶಾಸನಪ್ರಿಯ (ಹೊಸದುರ್ಗ)

ಮೇಲಿನ ಮಾತಿಗೆ ಎರಡನೇ ಅರ್ಧ ಸೇರಿಸುತ್ತೇನೆ. ‘ಅವ್ವ’ ಅಂದರೆ ತಾಯಿ ಅಷ್ಟೇ ಅಲ್ಲ, ಹೆಣ್ಣಿನ ಹೆಸರಿಗೆ ಗೌರವ ಕೊಡುವ ಕೊನೆ. ಹಳಗನ್ನಡದಲ್ಲಿ ‘ಅಬ್ಬೆ’. ಹತ್ತನೇ ಶತಮಾನದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿದ ದಾನಚಿಂತಾಮಣಿ, ಅವಳ ಹೆಸರಿನ ಕೊನೆಯಲ್ಲಿರುವುದೂ ಇದೇ. ಅಬ್ಬೆ, ಅವ್ವೆ, ಅವ್ವ ಎಂದು ಇಳಿದು ಬಂದಿದೆ. ‘ಅವ್ವ’ ಹಳ್ಳಿಗಾಡಿನದು, ‘ಅಂಬಿಕೆ’ ಮೇಲು ಎಂದು ತಿಳಿದವರಿಗೆ ಅತ್ತಿಮಬ್ಬೆಯ ಹೆಸರು ಹೇಳಿ.

ಅಮ್ಮ, ಅವ್ವ ಎರಡೂ ಕೂಡುವ ಸೀಮೆ ನಮ್ಮದು. ದಾವಣಗೆರೆಯಿಂದ ಬಡಗಣಕ್ಕೆ ಹೋದಷ್ಟೂ ಅವ್ವ ಹೆಚ್ಚು, ಹಿರಿಯೂರಿನ ಕಡೆ ಇಳಿದಷ್ಟೂ ಅಮ್ಮ ಹೆಚ್ಚು. ಹಾಗಾಗಿ ಒಂದೇ ಅಜ್ಜಿಯನ್ನು ತವರಲ್ಲಿ ಓಬವ್ವ, ಗಂಡನ ಮನೆಯಲ್ಲಿ ಓಬಮ್ಮ ಎಂದು ಕರೆಯುವುದು ಇಲ್ಲಿ ಮಾಮೂಲು. ಬಾಯಲ್ಲಿ ಎರಡೂ ನಡೆಯಲಿ, ದಾಖಲೆಯಲ್ಲಿ ಒಂದೇ ಇರಲಿ.

ಇನ್ನೊಂದು ವಿಷಯ. ಶಾಲೆಯಲ್ಲಿ ಯಾರಾದರೂ ‘ಓಬವ್ವಳ ಪುಸ್ತಕ’ ಅಂತ ತಿದ್ದಲು ಬರಬಹುದು. ಅಮ್ಮ, ಅವ್ವ, ಅಕ್ಕ ಕೊನೆಯಲ್ಲಿರುವ ಹೆಸರಿಗೆ ‘ನ’ ಬರುವುದೇ ರೂಢಿ: ಓಬವ್ವನ ಕಿಂಡಿ, ದುಗ್ಗಮ್ಮನ ಜಾತ್ರೆ, ತಿಮ್ಮಕ್ಕನ ಮರ. ಓಬವ್ವನ ಪುಸ್ತಕ ಎಂಬುದೇ ಸರಿ.

ಚಳ್ಳಕೆರೆ ಸೀಮೆ

ಬಳಕೆಯ ಬಗ್ಗೆ. ಗೌರವದ ಹೆಸರಾಗಿ ಓಬವ್ವ ಎಲ್ಲ ಕಡೆ ಇದೆ. ದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರು, ಪೊಲೀಸರ ಮಹಿಳಾ ಪಡೆ ಓಬವ್ವ ಪಡೆ, 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಒನಕೆ ಓಬವ್ವ ಜಯಂತಿ ಮಾಡುತ್ತಿದೆ. 1972ರ ‘ನಾಗರಹಾವು’ ಸಿನಿಮಾದಲ್ಲಿ ನಟಿ ಜಯಂತಿ ಅವಳ ಪಾತ್ರ ಮಾಡಿದ ಮೇಲೆ ಕರ್ನಾಟಕದಲ್ಲಿ ಗೊತ್ತಿಲ್ಲದ ಮನೆ ಇಲ್ಲ. ಆದರೆ ತೊಟ್ಟಿಲಲ್ಲಿ ಹಾಕಿ ಕೂಗುವ ಹೆಸರಾಗಿ ಬಹಳ ಅಪರೂಪ. ನಮ್ಮ ಕಡೆ ಓಬವ್ವ, ಓಬಮ್ಮ ಅಂದರೆ ಅಜ್ಜಿಯರೇ.

ನಿಮಗೇ ನೋಡಬೇಕಿದ್ದರೆ ದಾರಿ ಇದೆ. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಮತಗಟ್ಟೆವಾರು ಮತದಾರರ ಪಟ್ಟಿ ಸಿಗುತ್ತದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕ್ಷೇತ್ರಗಳ ಕೆಲವು ಹಳ್ಳಿಗಳ ಪಟ್ಟಿ ಇಳಿಸಿಕೊಳ್ಳಿ. ಹುಡುಕು ಗುಂಡಿಯಲ್ಲಿ ಹೆಸರು ಹಾಕಿದರೆ ಬರದೇ ಹೋಗಬಹುದು, ಎಷ್ಟೋ ಪಟ್ಟಿಗಳು ಚಿತ್ರದ ರೂಪದಲ್ಲಿರುತ್ತವೆ. ಕಣ್ಣಲ್ಲೇ ಓದಬೇಕು. ಓದುವಾಗ ಮೂರು ಎಚ್ಚರ ಬೇಕು. ‘ತಂದೆ ಅಥವಾ ಗಂಡನ ಹೆಸರು’ ಎಂಬ ಸಾಲಿನಲ್ಲಿ ಬರುವ ಓಬಯ್ಯ, ಓಬಳೇಶರನ್ನು ಲೆಕ್ಕಕ್ಕೆ ಹಿಡಿಯಬಾರದು. ಒಬವ್ವ, ಓಬಮ್ಮ, ಓಬಳಮ್ಮ ಎಂದು ಬೇರೆ ಬೇರೆ ಬರೆದಿರುವುದನ್ನು ಬಿಡಬಾರದು. ಆಮೇಲೆ ವಯಸ್ಸು ನೋಡಿ. ಅರವತ್ತು ದಾಟಿದವರಲ್ಲಿ ಸಿಗುವ ಹೆಸರು ಇಪ್ಪತ್ತು ಮೂವತ್ತರವರಲ್ಲಿ ಎಷ್ಟು ಉಳಿದಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಪಟ್ಟಿಯಲ್ಲಿರುವುದು ಹದಿನೆಂಟು ತುಂಬಿದವರು ಮಾತ್ರ, ಈಗಿನ ಮಕ್ಕಳ ಲೆಕ್ಕ ಅದರಲ್ಲಿ ಸಿಗದು.

ಹೆಸರು ಕಡಿಮೆಯಾದದ್ದಕ್ಕೆ ಒಂದು ಕಾರಣ ನಮ್ಮ ಪದ್ಧತಿಯಲ್ಲೇ ಇದೆ. ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುತ್ತಾರೆ, ಆದರೆ ಅತ್ತೆಯ ಹೆಸರು ಹಿಡಿದು ಸೊಸೆ ಮಗುವನ್ನು ಗದರುವಂತಿಲ್ಲ. ಹಾಗಾಗಿ ಕರೆಯುವುದಕ್ಕೆ ಇನ್ನೊಂದು ಹೆಸರು ಬರುತ್ತದೆ, ಶಾಲೆಗೆ ಸೇರಿಸುವಾಗ ಆ ಇನ್ನೊಂದೇ ದಾಖಲಾಗುತ್ತದೆ. ಅಜ್ಜಿಯ ಹೆಸರು ತೊಟ್ಟಿಲಲ್ಲೇ ನಿಂತುಬಿಡುತ್ತದೆ. ನೀವು ನಿಜವಾಗಿ ಇಡುವುದಾದರೆ ಕಾಗದದಲ್ಲಿ ಓಬವ್ವ ಎಂದೇ ಬರೆಸಿ, ಮನೆಯಲ್ಲಿ ಅವ್ವಿ ಅಂತ ಕರೆಯಿರಿ. ಗದರುವುದಕ್ಕೂ ಮುದ್ದು ಮಾಡುವುದಕ್ಕೂ ಅದು ಒದಗುತ್ತದೆ.

‘ಓಬಿರಾಯನ ಕಾಲದ ಹೆಸರು’ ಎಂದು ಒಬ್ಬರಾದರೂ ಅನ್ನುತ್ತಾರೆ, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಮಕ್ಕಳು ‘ಒನಕೆ’ ಅಂತ ಕರೆಯುವುದೂ ಉಂಟು. ಕಥೆಯನ್ನು ಮೂರು ನಾಲ್ಕು ವರ್ಷಕ್ಕೇ ಮಗುವಿಗೆ ಹೇಳಿಕೊಟ್ಟಿದ್ದರೆ ಆ ಮಾತು ಅವಳಿಗೆ ನಾಟುವುದಿಲ್ಲ.

ಜಯದೇವ ವೃತ್ತ (ದಾವಣಗೆರೆ)

ಓಬವ್ವ ಒಳ್ಳೆಯ ಹೆಸರೇ. ಆದರೂ ಮುಂದೆ ಓದಲು, ಕೆಲಸಕ್ಕೆ ಹೊರಗೆ ಹೋಗುವ ಹುಡುಗಿ. ‘ಓಬಳಾಂಬಿಕಾ’ ಅಥವಾ ‘ಅಹೋಬಲಾ’ ಅಂತ ಇಟ್ಟರೆ ಅಕ್ಷರವೂ ದೇವರೂ ಉಳಿಯುತ್ತವೆ, ಕೇಳಲೂ ಹೊಸದಾಗಿರುತ್ತದೆ ಅಲ್ಲವೇ?

ಶಾಸನಪ್ರಿಯ (ಹೊಸದುರ್ಗ)

ಅಣ್ಣಾ, ‘ಅಹೋಬಲಾ’ದ ಮೊದಲ ಅಕ್ಷರ ‘ಅ’. ಅದು ಕೃತ್ತಿಕೆಗೆ ಹೋಗುತ್ತದೆ, ರೋಹಿಣಿಗೆ ಬರುವುದು ಓ, ವಾ, ವೀ, ವೂ. ಅಕ್ಷರ ನೋಡಿ ಇಡುವವರಿಗೆ ಅದು ಕೂಡದು. ‘ಓಬಳಾಂಬಿಕಾ’ ಹೊಸದಾಗಿ ಕಟ್ಟಿದ ಹೆಸರು, ಕಟ್ಟುವುದು ತಪ್ಪಲ್ಲ. ಆದರೆ ಅಜ್ಜಿಯರು ಇನ್ನೂರು ಮುನ್ನೂರು ವರ್ಷ ಬಾಳಿದ ಹೆಸರು ಕೈಯಲ್ಲೇ ಇರುವಾಗ ಅದಕ್ಕೆ ಸಂಸ್ಕೃತದ ಬಾಲ ಹಚ್ಚುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಮೂರೇ ಅಕ್ಷರ, ಕೂಗಿದರೆ ಬೀದಿಯ ಕೊನೆಗೂ ಕೇಳುತ್ತದೆ.

ಅರ್ಜಿ ನಮೂನೆ (ಚಿತ್ರದುರ್ಗ)

ದಾಖಲೆಯ ಭಾಗ ನಾನು ಹೇಳುತ್ತೇನೆ, ತೊಂದರೆ ಬರುವುದೇ ಅಲ್ಲಿ.

ಜನನ ನೋಂದಣಿ ಆಗುವುದು ಹೆರಿಗೆಯಾದ ಜಾಗದಲ್ಲಿ, ಅಪ್ಪನ ಊರಿನಲ್ಲಲ್ಲ. ಹೆರಿಗೆ ದಾವಣಗೆರೆಯಲ್ಲಿ ಆಗಿದ್ದರೆ ಜಗಳೂರಿಗೆ ಓಡಾಡಬೇಡಿ, ಪ್ರಮಾಣಪತ್ರದ ಮೇಲೆ ಯಾವ ನೋಂದಣಿ ಘಟಕದ ಹೆಸರಿದೆಯೋ ಅಲ್ಲಿಗೇ ಹೋಗಿ. ನೋಂದಣಿ 21 ದಿನದೊಳಗೆ ಆಗಬೇಕು, ನಿಮ್ಮದು ಆಗಿದೆ. ಹೆಸರಿಲ್ಲದೆ ನೋಂದಣಿ ಆಗಿದ್ದರೆ, ನೋಂದಣಿಯ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ಅವಕಾಶ ಇದೆ, ತಡದ ಶುಲ್ಕ ಬೀಳುತ್ತದೆ. ಹಾಗಂತ ತಳ್ಳಿಕೊಂಡು ಹೋಗಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲಕ್ಕೂ ಹುಟ್ಟಿದ ದಿನದ ಆಧಾರ ಈ ಪ್ರಮಾಣಪತ್ರವೇ.

ಒಮ್ಮೆ ಹೆಸರು ಸೇರಿದ ಮೇಲೆ ಅಕ್ಷರದೋಷ ತಿದ್ದಿಸಬಹುದು. ಬೇರೆ ಹೆಸರೇ ಹಾಕಿ ಅಂದರೆ ಅದನ್ನು ತಿದ್ದುಪಡಿ ಎಂದು ಒಪ್ಪುವುದು ಕಷ್ಟ. ಹಾಗಾಗಿ ಓಬವ್ವವೋ ಓಬಳಾಂಬಿಕೆಯೋ, ಮನೆಯಲ್ಲಿ ಮಾತು ಮುಗಿಸಿಕೊಂಡೇ ಅರ್ಜಿ ಕೊಡಿ.

ಈಗ ಬರವಣಿಗೆ. ಈ ಹೆಸರಲ್ಲಿ ಕೆಡುವ ಜಾಗ ಎರಡು. ಮೊದಲನೆಯದು ‘ಓ’. ಇಂಗ್ಲಿಷಿನಲ್ಲಿ ಹ್ರಸ್ವ ದೀರ್ಘ ಎರಡಕ್ಕೂ ಒಂದೇ ಅಕ್ಷರ. ಆಧಾರ್ ಕೇಂದ್ರದಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ಯಂತ್ರವೇ ಕನ್ನಡಕ್ಕೆ ತಿರುಗಿಸುತ್ತದೆ, ಆಗ ‘ಒಬವ್ವ’ ಬರುವ ಸಂಭವ ಹೆಚ್ಚು. ಕೆಲವು ಸಲ ‘ಓಬಾವ್ವಾ’ ಎಂದು ದೀರ್ಘಗಳೂ ತೂರಿಕೊಳ್ಳುತ್ತವೆ. ಕನ್ನಡದ ಸಾಲನ್ನು ಅಲ್ಲೇ ಕೈಯಿಂದ ತಿದ್ದಲು ಬರುತ್ತದೆ, ಆಪರೇಟರಿಗೆ ಹೇಳಿ ತಿದ್ದಿಸಿ. ಸ್ವೀಕೃತಿ ಚೀಟಿಯಲ್ಲಿ ಎರಡೂ ಭಾಷೆಯ ಹೆಸರು ಓದಿದ ಮೇಲೆಯೇ ಕೇಂದ್ರದಿಂದ ಹೊರಡಿ. ದೀರ್ಘ ತೋರಿಸಬೇಕೆಂದು ಇಂಗ್ಲಿಷಿನಲ್ಲಿ ಓ ಅಕ್ಷರ ಎರಡು ಸಲ ಹಾಕಿಸಬೇಡಿ, ಅದನ್ನು ‘ಊಬವ್ವ’ ಎಂದು ಓದುತ್ತಾರೆ.

ಎರಡನೆಯದು ಒತ್ತಕ್ಷರ. ಇಂಗ್ಲಿಷಿನಲ್ಲಿ ಓ, ಬಿ, ಎ, ವಿ, ವಿ, ಎ. ಎರಡು ‘ವಿ’ ಬೇಕೇ ಬೇಕು. ಒಂದು ಬಿಟ್ಟರೆ ‘ಓಬವ’ ಆಗುತ್ತದೆ, ಡಬ್ಲ್ಯೂ ಹಾಕಿದರೆ ಇನ್ನೊಂದು ದಾಖಲೆಗೆ ಹೊಂದುವುದಿಲ್ಲ. ಒಂದು ಚೀಟಿಯಲ್ಲಿ ಎರಡೂ ಭಾಷೆಯಲ್ಲಿ ದೊಡ್ಡದಾಗಿ ಬರೆದು ಪ್ರತಿ ಕೌಂಟರಿನಲ್ಲೂ ಅದನ್ನೇ ಕೊಡಿ. ಬಾಯಲ್ಲಿ ಹೇಳಿದರೆ ಅವರು ತಮಗೆ ಕೇಳಿಸಿದಂತೆ ಟೈಪ್ ಮಾಡುತ್ತಾರೆ.

‘ಒನಕೆ ಓಬವ್ವ’ ಎಂದು ಪೂರ್ತಿ ಬರೆಸುವ ಯೋಚನೆ ಇದ್ದರೆ ಬಿಡಿ. ಒನಕೆ ಬಿರುದು. ಅರ್ಜಿಗಳಲ್ಲಿ ಅದು ಮೊದಲ ಹೆಸರಾಗಿ ಕೂತು ಮಗುವಿನ ನಿಜವಾದ ಹೆಸರು ಮನೆತನದ ಹೆಸರಿನ ಜಾಗಕ್ಕೆ ಹೋಗುತ್ತದೆ.

ಬೆಣ್ಣೆನಗರಿ (ದಾವಣಗೆರೆ)

ಎಲ್ಲರಿಗೂ ತುಂಬಾ ಧನ್ಯವಾದ. ಓಬವ್ವ ಎಂದೇ ಇಡುತ್ತೇವೆ, ಅತ್ತೆಯವರಿಗೆ ನರಸಿಂಹನ ವಿಷಯ ಓದಿ ಹೇಳಿದೆ. ಇನ್ನೊಂದು ಅನುಮಾನ: ಇನಿಷಿಯಲ್ ಈಗಲೇ ಸೇರಿಸಬೇಕಾ? ಆಧಾರ್ ಈಗಲೇ ಮಾಡಿಸಬೇಕಾ?

ಅರ್ಜಿ ನಮೂನೆ (ಚಿತ್ರದುರ್ಗ)

ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿ ಹೆಸರಿಗೆ ಬೇರೆ ಜಾಗ ಇದೆ ಅಕ್ಕಾ, ಇನಿಷಿಯಲ್ ಕಡ್ಡಾಯವಲ್ಲ. ಆದರೆ ಪಾಸ್‌ಪೋರ್ಟಿನಲ್ಲಿ ಬರೀ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹೊರದೇಶದ ಯೋಚನೆ ಇದ್ದರೆ ಅಪ್ಪನ ಹೆಸರನ್ನೋ ಮನೆತನದ ಹೆಸರನ್ನೋ ಈಗಲೇ ಪೂರ್ತಿಯಾಗಿ ಓಬವ್ವ ಎಂಬುದರ ನಂತರ ಸೇರಿಸಿಬಿಡಿ. ಒಂದು ಕಡೆ ‘ಓಬವ್ವ ಕೆ’, ಇನ್ನೊಂದು ಕಡೆ ‘ಕೆ ಓಬವ್ವ’ ಆದರೆ ಶಾಲೆಯ ಸ್ಯಾಟ್ಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ವಿವರದಲ್ಲಿ ಹೊಂದಿಕೆಯಾಗದೆ ತೊಂದರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಅದೇ ಹೆಸರು ಹೋಗುತ್ತದೆ.

ಆಧಾರ್ ಆಮೇಲೆ. ಮೊದಲು ಹೆಸರು ಸೇರಿಸಿದ ಹೊಸ ಪ್ರಮಾಣಪತ್ರ ಕೈಗೆ ಬರಲಿ, ಕನ್ನಡ ಇಂಗ್ಲಿಷ್ ಎರಡೂ ಸರಿಯಿದೆಯಾ ನೋಡಿಕೊಳ್ಳಿ. ಅದನ್ನೂ ನಿಮ್ಮಿಬ್ಬರಲ್ಲಿ ಒಬ್ಬರ ಆಧಾರನ್ನೂ ತೆಗೆದುಕೊಂಡು ಹೋದರೆ ಆಯಿತು. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚು ತೆಗೆಯುವುದಿಲ್ಲ, ಫೋಟೊ ಮಾತ್ರ. ಐದು ತುಂಬಿದಾಗ ಒಮ್ಮೆ, ಹದಿನೈದಕ್ಕೆ ಇನ್ನೊಮ್ಮೆ ಬೆರಳಚ್ಚು ಕೊಡಲು ಹೋಗಬೇಕು. ಆಗಲೂ ಹೆಸರಿನ ಕನ್ನಡ ಸಾಲನ್ನು ಓದಿ ನೋಡಿ.