32 ಬೈಟ್ ಅಲೈನ್‌ಮೆಂಟ್: ಲಿನಕ್ಸ್‌ಗೂ ವಿಂಡೋಸ್‌ಗೂ ಒಂದೇ ಕೋಡ್ ಆಗ್ತದಾ?

ಕುಂದವಾಡ_ಕೆರೆ: ಮೆಕ್ಕೆಜೋಳದ ಫೋಟೋದಲ್ಲಿ ಬೂಸ್ಟು ಹಿಡಿದ ಕಾಳು ಗುರುತಿಸೋ ಸಿ ಪ್ರೋಗ್ರಾಮ್. ಎವಿಎಕ್ಸ್‌ನ (ಪ್ರೊಸೆಸರ್ ಒಂದೇ ಏಟಿಗೆ ಹಲವು ಸಂಖ್ಯೆ ಲೆಕ್ಕ ಮಾಡೋ ಸೂಚನೆಗಳು) ಅಲೈನ್ಡ್ ಲೋಡ್‌ಗೆ ಬಫರ್ (ಫೋಟೋ ಇಡೋ ಮೆಮೊರಿ ಜಾಗ) ವಿಳಾಸ 32ರಿಂದ ಭಾಗ ಹೋಗಬೇಕು, ಇಲ್ಲಾಂದ್ರೆ ಕ್ರ್ಯಾಶ್. 64 ಬಿಟ್‌ನಲ್ಲಿ ಮ್ಯಾಲಾಕ್ (ಮೆಮೊರಿ ಕೇಳೋ ಮಾಮೂಲಿ ಫಂಕ್ಷನ್) ಖಾತ್ರಿ ಕೊಡೋದು 16ಕ್ಕಷ್ಟೆ. ಬರೆಯೋದು ಲಿನಕ್ಸ್‌ನಲ್ಲಿ, ಓಡಬೇಕಾದ್ದು ದಾವಣಗೆರೆ ಮಂಡಿ ಅಂಗಡಿಗಳ ವಿಂಡೋಸ್‌ನಲ್ಲಿ. ಯಾವ ಫಂಕ್ಷನ್ ಹಾಕೋದು?

ಚಂದ್ರವಳ್ಳಿ_ಸಿ: ಅಲೈನ್ಡ್_ಅಲಾಕ್ ಹಾಕ್ರಿ, 2011ರ ಸಿ ಸ್ಟ್ಯಾಂಡರ್ಡ್‌ನಲ್ಲೇ ಇದೆ. ಅಳತೆಯೂ 32ರಿಂದ ಭಾಗ ಹೋಗಲಿ: 1000 ಬೈಟ್ ಬೇಕಾದ್ರೆ 1024 ಕೇಳ್ರಿ. ಗ್ಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) 1000ಕ್ಕೂ ಕೊಡ್ತದೆ, ಅದನ್ನ ನಂಬಬ್ಯಾಡ್ರಿ.

ದುರ್ಗ_ಕೋಟೆ: ವಿಂಡೋಸ್‌ನಲ್ಲಿ ಅದು ಲಿಂಕೇ ಆಗಲ್ಲ ಸರ್. ಮೈಕ್ರೋಸಾಫ್ಟ್ ರನ್‌ಟೈಮ್ ಅದನ್ನ ಕೊಟ್ಟೇ ಇಲ್ಲ, ಯಾಕಂದ್ರೆ ಅಲ್ಲಿನ ಫ್ರೀಗೆ (ಮೆಮೊರಿ ವಾಪಸ್ ಬಿಡೋ ಫಂಕ್ಷನ್) ಅಂಥ ವಿಳಾಸ ಬಿಡಿಸೋಕೆ ಬರಲ್ಲ. ಅಲ್ಲಿರೋದು _ಅಲೈನ್ಡ್_ಮ್ಯಾಲಾಕ್, ಬಿಡೋಕೆ _ಅಲೈನ್ಡ್_ಫ್ರೀ. ಅದರಲ್ಲಿ ಅಳತೆ ಮೊದಲು, ಅಲೈನ್‌ಮೆಂಟ್ ಆಮೇಲೆ, ಸ್ಟ್ಯಾಂಡರ್ಡ್‌ನಲ್ಲಿ ಉಲ್ಟಾ. ಎರಡೂ ಸೈಜ್_ಟಿ ಅನ್ನೋ ಒಂದೇ ಟೈಪ್ ಆದ್ದರಿಂದ ಕಂಪೈಲರ್ ತುಟಿ ಬಿಚ್ಚಲ್ಲ. ಅದಲುಬದಲಾದ್ರೆ 1024ಕ್ಕೆ ಅಲೈನ್ ಆದ 32 ಬೈಟ್ ಸಿಗ್ತದೆ, ಬರೀತಾ ಹೋದ್ರೆ ಪಕ್ಕದವರ ಜಾಗ ಹಾಳು.

ಚಂದ್ರವಳ್ಳಿ_ಸಿ: ಒಪ್ಪಿದೆ. ಹಂಗಾದ್ರೆ ಇಫ್‌ಡೆಫ್ (ಓಎಸ್ ನೋಡಿ ಬೇರೆ ಬೇರೆ ಕೋಡ್ ಕಂಪೈಲ್ ಮಾಡಿಸೋದು) ಹಾಕಿ, ಲಿನಕ್ಸ್ ಕಡೆ ಪಾಸಿಕ್ಸ್_ಮೆಮ್‌ಅಲೈನ್ ಇಡ್ರಿ. ಎಡವಿದಾಗ ಅದು ತಪ್ಪಿನ ಸಂಖ್ಯೆನೇ ವಾಪಸ್ ಕೊಡ್ತದೆ, ಪಾಯಿಂಟರ್ ನಲ್ ಮಾಡ್ತದೆ ಅಂತ ಕಾಯಬ್ಯಾಡ್ರಿ.

ಬೆಣ್ಣೆದೋಸೆ_64: ಕೇಳೋದ್ರಲ್ಲಿ ಕಷ್ಟ ಇಲ್ರಿ, ಬಿಡೋದ್ರಲ್ಲಿದೆ. ಇಫ್‌ಡೆಫ್ ದಾರಿಯಲ್ಲಿ ಯಾರೋ ಮರೆತು ಸಾದಾ ಫ್ರೀ ಕರೆದ್ರೂ ಲಿನಕ್ಸ್‌ನಲ್ಲಿ ಎಲ್ಲಾ ಸರಿ ಕಾಣ್ತದೆ. ಮಂಡಿ ಅಂಗಡಿಗೆ ಹೋದ ಮೇಲೆ ಹೀಪ್ (ಮ್ಯಾಲಾಕ್ ಮೆಮೊರಿ ಹಂಚೋ ಜಾಗ) ಕೆಡ್ತದೆ. ಎರಡೂ ಕಡೆ ಮ್ಯಾಲಾಕ್‌ನಿಂದಲೇ ಮಾಡ್ರಿ: 1000 + 31 + 8, ಒಟ್ಟು 1039 ಬೈಟ್ ಕೇಳಿ, ಮೊದಲ 8 ದಾಟಿ 32ರ ಗಡಿಗೆ ಏರಿಸಿ, ಆ ಗಡಿಯ ಬೆನ್ನಿಗಿರೋ 8 ಬೈಟ್‌ನಲ್ಲಿ ಮೂಲ ವಿಳಾಸ ಬರೆದಿಡ್ರಿ. ಬಿಡುವಾಗ ಅದನ್ನ ಓದಿ ಫ್ರೀಗೆ ಕೊಡ್ರಿ. ಸಾದಾ ಫ್ರೀ ಕರೆದ್ರೆ ಗ್ಲಿಬ್‌ಸಿ ಅದೇ 8 ಬೈಟ್‌ನಲ್ಲಿ ತುಂಡಿನ ಅಳತೆ ಹುಡುಕ್ತದೆ, ಸಿಗೋದು ವಿಳಾಸ; ಲಿನಕ್ಸ್‌ನಲ್ಲೇ ಅಬಾರ್ಟ್ ಆಗ್ತದೆ. ತಪ್ಪು ಬರೆದವರ ಮೇಜಿನ ಮೇಲೇ ಸಿಗಬೇಕು.

ದುರ್ಗ_ಕೋಟೆ: 32ಕ್ಕೆ ಇದು ಚಲೋ. ಆದ್ರೆ 4096ರ ಗಡಿ ಬೇಕಾದಾಗ ಒಂದೊಂದು ಬಫರ್‌ಗೂ ಒಂದು ಪುಟದಷ್ಟು ಹೆಚ್ಚಿಗೆ ಕೇಳಬೇಕಾಗ್ತದೆ, ಅಲ್ಲಿ ಇಫ್‌ಡೆಫ್ಫೇ ಸರಿ. ವಾಲ್‌ಗ್ರಿಂಡ್ (ಮೆಮೊರಿ ತಪ್ಪು ಹುಡುಕೋ ಟೂಲ್) ಕೂಡ ಇಂಥ ಬ್ಲಾಕ್‌ಗಳನ್ನ "ಪಾಸಿಬ್ಲಿ ಲಾಸ್ಟ್" (ಬಹುಶಃ ಕಳೆದುಹೋಗಿದೆ) ಅಂತ ತೋರಿಸ್ತದೆ, ಒಳಗಿನ ವಿಳಾಸ ಮಾತ್ರ ಕೈಲಿರೋದಕ್ಕೆ.

ಕುಂದವಾಡ_ಕೆರೆ: ಫೋಟೋ ದೊಡ್ಡದಾದ್ರೆ ರೀಅಲಾಕ್ (ಇರೋ ಬಫರ್‌ನ ಅಳತೆ ಬದಲಿಸೋ ಫಂಕ್ಷನ್) ನಡೀತದಾ?

ಬೆಣ್ಣೆದೋಸೆ_64: ಇಲ್ರಿ. ಈ ವಿಳಾಸ ಮ್ಯಾಲಾಕ್ ಕೊಟ್ಟಿದ್ದಲ್ಲ. ಪಾಸಿಕ್ಸ್_ಮೆಮ್‌ಅಲೈನ್ ಇದ್ರೂ ರೀಅಲಾಕ್ 32ರ ಗಡಿ ಉಳಿಸ್ತೀನಿ ಅನ್ನಲ್ಲ. ಹೊಸದು ಪಡೀರಿ, ಮೆಮ್‌ಕಾಪಿ ಮಾಡ್ರಿ, ಹಳೇದು ಬಿಡ್ರಿ.